ಕೆನ್ನೆಯ ಮೇಲೆ ಕಾಣದ ಬೊಟ್ಟು

ಸೊಣ್ಣಮ್ಮ ಹುಟ್ಟಿದಾಗ ಅವಳಿಗೆ ಯಾರೂ ದೃಷ್ಟಿ ಬೊಟ್ಟು ಇಡಲಿಲ್ಲವಂತೆ. ಅವಳ ಅಕ್ಕನಿಗೆ ಇಟ್ಟಿದ್ದರು, ಆಮೇಲೆ ಹುಟ್ಟಿದ ತಮ್ಮನಿಗೂ ಇಟ್ಟರು. ಇವಳ ಸರದಿ ಬಂದಾಗ ಅಜ್ಜಿ, ಇದರ ಮೈಯೆಲ್ಲ ಒಂದೇ ಬೊಟ್ಟು, ಇನ್ನು ಕಾಡಿಗೆ ಯಾಕೆ ದಂಡ ಮಾಡ್ತೀರಿ ಅಂದಳಂತೆ. ಇದನ್ನು ಸೊಣ್ಣಮ್ಮ ತಾನೇ ಹೇಳಿ ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದಳು. ಕಪ್ಪಗೆ ಹುಟ್ಟಿದ ಹೆಣ್ಣುಮಕ್ಕಳು ಬಹಳ ಬೇಗ ಕಲಿಯುವ ವಿದ್ಯೆ ಅದು. ಬೇರೆಯವರು ನಗುವ ಮೊದಲು ನಾವೇ ನಕ್ಕುಬಿಟ್ಟರೆ ನೋವು ಸ್ವಲ್ಪ ಕಡಿಮೆ.

ಮಾಗಡಿ ಕಡೆಯ ಹುಡುಗಿ. ಪೀಣ್ಯದ ಪಕ್ಕದ ಚೊಕ್ಕಸಂದ್ರಕ್ಕೆ ಕೊಟ್ಟಿದ್ದರು. ಗಂಡ ಚಿಕ್ಕಬೈರಪ್ಪ. ಅವನೇನು ಬೆಳ್ಳಗಿರಲಿಲ್ಲ, ಹೆಂಡತಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಕಪ್ಪು. ಆದರೆ ಗಂಡಸಿನ ಕಪ್ಪನ್ನು ಯಾರೂ ಎತ್ತಿ ಆಡುವುದಿಲ್ಲ. ಮದುವೆಯ ದಿನ ತವರಿನವರು ಹುಡುಗಿಯ ಮುಖಕ್ಕೆ ಪೌಡರು ಮೆತ್ತಿ ಕೂರಿಸಿದ್ದರು. ಧಾರೆಯ ಹೊತ್ತಿಗೆ ಬೆವರು ಇಳಿದು ಕೆನ್ನೆಯ ಮೇಲೆ ಗೆರೆಗೆರೆ. ಅತ್ತೆ ಕೃಷ್ಣಮ್ಮ ಚಪ್ಪರದೊಳಗೆ ನಾಲ್ಕು ಜನಕ್ಕೆ ಕೇಳುವ ಹಾಗೆ, "ಇದ್ದಲಿಗೆ ಸುಣ್ಣ ಬಳ್ದು ಕೊಟ್ಟವ್ರೆ" ಅಂದಳು. ಅವತ್ತಿನಿಂದ ಸೊಣ್ಣಮ್ಮ ಪೌಡರಿನ ಡಬ್ಬಿ ಮುಟ್ಟಲಿಲ್ಲ.

ಕೃಷ್ಣಮ್ಮನ ಮನೆಯವರ ರಾಗಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ತಮ್ಮದೇ ಹೊಲವಿದ್ದ ಜಾಗದಲ್ಲಿ ಎದ್ದ ಕಾರ್ಖಾನೆಯ ಗೇಟಿನಲ್ಲಿ ಬೈರಪ್ಪ ವಾಚ್‌ಮನ್ ಆಗಿ ನಿಂತ. ಬಂದು ಹೋಗುವ ಲಾರಿಗಳಿಗೆ ಸಲಾಮು ಹೊಡೆಯುವುದು ಅವನ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳು. ಸೊಣ್ಣಮ್ಮ ಎರಡು ಬೀದಿ ಆಚೆ ಬ್ಯಾಟರಿ ಕಾರ್ಖಾನೆಗೆ ಸೇರಿದಳು.

ಆ ಕಾರ್ಖಾನೆ ಈಗಿಲ್ಲ, ಹೆಸರು ಹೇಳಿ ಏನೂ ಆಗಬೇಕಾಗಿಲ್ಲ. ಅದರಲ್ಲಿ ಹೆಂಗಸರಿಗೆ ಎರಡೇ ಜಾಗ. ಒಂದು ಮುಂದುಗಡೆಯ ಪ್ಯಾಕಿಂಗ್ ಹಾಲು. ಕಿಟಕಿ, ಫ್ಯಾನು, ಟ್ಯೂಬ್‌ಲೈಟು ಎಲ್ಲ ಇತ್ತು. ಸರಕು ಕೊಳ್ಳಲು ಬಂದವರು ಮೊದಲು ಕಾಲಿಡುತ್ತಿದ್ದುದು ಅಲ್ಲಿಗೆ. ಇನ್ನೊಂದು ಹಿಂದಿನ ಸೀಸದ ಶೆಡ್ಡು. ಬ್ಯಾಟರಿಯೊಳಗೆ ಕೂರುವ ಸೀಸದ ಪ್ಲೇಟುಗಳನ್ನು ಅಲ್ಲಿ ಬ್ರಷ್ಷಿನಿಂದ ಉಜ್ಜಿ ಅಂಚು ಸರಿಮಾಡಬೇಕು. ಉಜ್ಜಿದಂತೆಲ್ಲ ಬೂದಿಯಂಥ ಪುಡಿ ಏಳುತ್ತದೆ. ಮೂಗಿನೊಳಗೆ, ತಲೆಗೂದಲಿಗೆ, ತಂದ ಬುತ್ತಿಯ ಮೇಲೆ, ಎಲ್ಲ ಕಡೆ. ಬಾಯಿ ಸದಾ ಸಿಹಿಸಿಹಿ. ಸಂಜೆ ಒಂದು ಉಂಡೆ ಬೆಲ್ಲ, ಒಂದು ಲೋಟ ಹಾಲು ಕೊಟ್ಟು ಪುಡಿ ಇಳಿದುಹೋಗುತ್ತೆ ಅನ್ನುತ್ತಿದ್ದರು. ಇಂಥ ಕೆಲಸಕ್ಕೆ ಹೆಂಗಸರನ್ನು ಹಚ್ಚಬಾರದು ಅಂತ ಕಾಯಿದೆ ಇತ್ತು. ಕಾಯಿದೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ಪೀಣ್ಯದವರೆಗೆ ಬಂದಿರಲಿಲ್ಲ.

ಯಾರು ಪ್ಯಾಕಿಂಗಿಗೆ, ಯಾರು ಶೆಡ್ಡಿಗೆ ಅನ್ನುವುದನ್ನು ನಿಶ್ಚಯಿಸುತ್ತಿದ್ದವನು ಸೂಪರ್‌ವೈಸರ್ ಜಯಸಿಂಹ. ಕೆಲಸ ಕೇಳಿಕೊಂಡು ಬಂದವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮುಖ ನೋಡುತ್ತಿದ್ದ. ಬೆಳ್ಳಗಿದ್ದವರು ಮುಂದಕ್ಕೆ, ಕಪ್ಪಗಿದ್ದವರು ಹಿಂದಕ್ಕೆ. ಕೇಳಿದರೆ, ಪುಡಿ ಬಿದ್ದರೂ ಇವರ ಮೇಲೆ ಕೊಳಕು ಕಾಣಲ್ಲ ಅನ್ನುತ್ತಿದ್ದ. ಹಿಂದೆ ಹೋದವರಲ್ಲಿ ಹೆಚ್ಚಿನವರು ಯಾವ ಕೇರಿಯವರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣವೂ ಜಾತಿಯೂ ನಮ್ಮಲ್ಲಿ ಒಂದೇ ಸೆರಗು ಹೊದ್ದುಕೊಂಡು ಓಡಾಡುತ್ತವೆ.

ಪ್ಯಾಕಿಂಗಿನಲ್ಲಿ ಜಾಗ ಇಲ್ಲದಿದ್ದಾಗ ಬೆಳ್ಳಗಿನವರೂ ಕೆಲಕಾಲ ಶೆಡ್ಡಿಗೆ ಬೀಳುತ್ತಿದ್ದರು. ಹಾಗೆ ಬಂದವಳು ಸತ್ಯವತಿ. ಜಾಲಹಳ್ಳಿಯವಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದು, ನಿವೃತ್ತಿಗೆ ಮೊದಲೇ ತೀರಿಕೊಂಡು, ಮನೆ ಇವಳ ತಲೆಯ ಮೇಲೆ ಬಿದ್ದಿತ್ತು. ಹಾಲುಬಿಳುಪಿನ ಮೈ, ಎಸ್ಸೆಸ್ಸೆಲ್ಸಿ ಓದು, ಯಾರ ಎದುರಿಗೂ ನಿಂತು ಮಾತಾಡುವ ಗಂಟಲು. ಶೆಡ್ಡಿನಲ್ಲಿ ಸೊಣ್ಣಮ್ಮನ ಪಕ್ಕದ ಬೆಂಚು ಅವಳದು. ಊಟಕ್ಕೆ ಮಾತ್ರ ಡಬ್ಬಿ ಎತ್ತಿಕೊಂಡು ದೂರ ಹೋಗುತ್ತಿದ್ದಳು.

ಆರು ತಿಂಗಳಿಗೆಲ್ಲ ಸತ್ಯವತಿಯ ಮುಖ ಹಳೇ ಪಂಚೆಯ ಹಾಗೆ ಬಿಳಿಚಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಬೆಂಚಿನ ಕೆಳಗೆ ಮುದುಡಿಕೊಂಡಳು. ಎದ್ದ ಮೇಲೆ ಸುಮ್ಮನಿರಲಿಲ್ಲ. ಹೆಂಗಸರನ್ನೆಲ್ಲ ಸೇರಿಸಿ ಕೆಲಸ ನಿಲ್ಲಿಸಿ ಕೂರಿಸಿದಳು. ಆಗ ಯೂನಿಯನ್ನಿನ ನಾವು ಕೆಲವರು ಪೀಣ್ಯದ ಗೇಟುಗಳ ಮುಂದೆ ಕೂರುವುದನ್ನೇ ಬದುಕು ಮಾಡಿಕೊಂಡಿದ್ದೆವು. ಹೆಂಗಸರು ತಾವಾಗಿ ಎದ್ದು ಕೂತದ್ದನ್ನು ಆ ಬೀದಿ ಅವತ್ತೇ ಮೊದಲು ನೋಡಿದ್ದು. ಮಾಲೀಕರು ಒಪ್ಪಿದರು. ಶೆಡ್ಡಿನಲ್ಲಿ ಯಾರ ಮುಖ ಬಿಳಿಚಿಕೊಳ್ಳುತ್ತದೋ ಅವರನ್ನು ಪ್ಯಾಕಿಂಗಿಗೆ ಹಾಕಬೇಕು. ತಿಂಗಳಿಗೊಮ್ಮೆ ಡಾಕ್ಟರು ಬಂದು ಮುಖ ನೋಡಿ ಹೇಳಬೇಕು. ಒಪ್ಪಂದದ ಮಾತು ಸತ್ಯವತಿಯದೇ. ಗೆದ್ದ ಖುಷಿಗೆ ಎಲ್ಲರೂ ಗೇಟಿನ ಮುಂದೆ ಕಡ್ಲೆಪುರಿ ಹಂಚಿ ತಿಂದರು. ಸೊಣ್ಣಮ್ಮನೂ ಮಡಿಲು ತುಂಬ ತಿಂದಳು.

ಮುಖ ಬಿಳಿಚಿಕೊಳ್ಳಬೇಕಾದರೆ ಮುಖ ಮೊದಲು ಬೆಳ್ಳಗಿರಬೇಕು ಅನ್ನುವುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಸತ್ಯವತಿ ಮೊದಲು ಹೋದಳು. ಆಮೇಲೆ ವಸಂತಮ್ಮ. ಆಮೇಲೆ ಗೋಧಿಬಣ್ಣದ ಇನ್ನೂ ಮೂವರು ನಾಲ್ವರು. ಪ್ರತಿ ತಿಂಗಳೂ ಡಾಕ್ಟರು ಸೊಣ್ಣಮ್ಮನ ಮುಂದೆ ಬಂದಾಗ ನಿಲ್ಲುತ್ತಲೂ ಇರಲಿಲ್ಲ. ಇವಳು ಕಬ್ಬಿಣ, ಇವಳಿಗೇನಾಗುತ್ತೆ ಅನ್ನುತ್ತಿದ್ದ ಜಯಸಿಂಹ. ಹೆಂಗಸರೂ ಅದನ್ನೇ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಬೈಸಿಕೊಂಡ ಬಣ್ಣಕ್ಕೆ ಮೊದಲ ಸಲ ಹೊಗಳಿಕೆ ಸಿಕ್ಕಿತ್ತು. ಸೊಣ್ಣಮ್ಮ ಅದನ್ನು ನಂಬಿದಳು. ತಲೆಸುತ್ತು ಬಂದರೆ ಬೆಲ್ಲ ಬಾಯಿಗೆ ಹಾಕಿಕೊಂಡು ಮತ್ತೆ ಬ್ರಷ್ಷು ಹಿಡಿಯುತ್ತಿದ್ದಳು.

ಆ ಹೊತ್ತಿಗೆ ಅವಳಿಗೆ ಎರಡು ಬಸಿರು ಇಳಿದುಹೋಗಿದ್ದವು. ಕೃಷ್ಣಮ್ಮನ ಬಾಯಿಗೆ ಅದೊಂದು ಸಿಕ್ಕಿತು. "ಒಟ್ಟೇಲಿರೋ ಮಗೀಗೂ ಈಚೆ ಬಂದು ಇವಳ ಮಕ ನೋಡಕ್ಕೆ ಇಷ್ಟ ಇಲ್ಲ" ಅಂತ ನಲ್ಲಿಯ ಹತ್ತಿರ ಹೇಳಿದಳು. ಬೈರಪ್ಪ ಕೇಳಿಸಿಕೊಂಡು ಬೀಡಿ ಹಚ್ಚಿದ.

ಮೂರನೆಯ ಸಲ ಮುಟ್ಟು ನಿಂತಾಗ ಸೊಣ್ಣಮ್ಮನಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ವಸಂತಮ್ಮನಿಗೂ ಶೆಡ್ಡಿನಲ್ಲಿದ್ದಾಗ ಒಂದು ಇಳಿದಿತ್ತು. ಪ್ಯಾಕಿಂಗಿಗೆ ಹೋದ ಮೇಲೆ ಬಸಿರು ನಿಂತು ಗಂಡುಮಗು ಆಯಿತು. ಇನ್ನೊಬ್ಬಳಿಗೂ ಹಾಗೇ. ಸೊಣ್ಣಮ್ಮ ಜಯಸಿಂಹನ ಹತ್ತಿರ ಹೋಗಿ, ಸಾರ್, ಈ ಸಲ ನನ್ನ ಪ್ಯಾಕಿಂಗಿಗೆ ಆಕಿ ಅಂದಳು. ಡಾಕ್ಟರು ಹೇಳಲಿ ಅಂದ ಅವನು. ಬಸಿರಿ ಅಂದರೆ ಕೆಲಸದಿಂದಲೇ ತೆಗೆಯುತ್ತಾರೆ ಅನ್ನುವ ಹೆದರಿಕೆಗೆ ಅವಳು ಅದನ್ನು ಬಾಯಿಬಿಡಲಿಲ್ಲ.

ಡಾಕ್ಟರು ಬರುವ ದಿನ ವಸಂತಮ್ಮನ ಕೈಲಿ ಪೌಡರು ಇಸಿದುಕೊಂಡು, ಕಕ್ಕಸಿನ ಹಿಂದೆ ನಿಂತು ಮುಖಕ್ಕೆ ಹಚ್ಚಿಕೊಂಡಳು. ಹಚ್ಚಿಕೊಂಡು ಅಭ್ಯಾಸ ಇಲ್ಲ, ಕನ್ನಡಿ ಇಲ್ಲ. ಸಾಲಿನಲ್ಲಿ ಬಂದು ನಿಂತಳು.

"ಏನ್ ಸೊಣ್ಣಮ್ಮ," ಅಂದ ಜಯಸಿಂಹ, "ಯಾವೂರ್ ನಾಟಕದಲ್ಲಿ ಪಾರ್ಟು?"

ಸಾಲಿಗೆ ಸಾಲೇ ನಕ್ಕಿತು. ಪ್ಯಾಕಿಂಗ್ ಹಾಲಿನ ಕಿಟಕಿಯಲ್ಲಿ ನೋಡುತ್ತಿದ್ದವರೂ ನಕ್ಕರು, ಅವರಲ್ಲಿ ಸತ್ಯವತಿಯೂ ಇದ್ದಳು. ಡಾಕ್ಟರು ಕೆಟ್ಟ ಮನುಷ್ಯನಲ್ಲ, ವಯಸ್ಸಾದವರು. ಹತ್ತಿಯ ಒಂದು ತುಂಡು ಕೊಟ್ಟು, ಒರೆಸಿಕೊಳ್ಳಮ್ಮ, ನಿನ್ನದು ಗಟ್ಟಿ ಬಣ್ಣ, ಇದೆಲ್ಲ ನಿನಗೆ ಬೇಡ ಅಂದರು. ಸೊಣ್ಣಮ್ಮ ಒರೆಸಿಕೊಂಡಳು. ಕೆಳಗೆ ಕಪ್ಪು ಹಾಗೇ ಇತ್ತು. ಶೆಡ್ಡಿಗೆ ನಡೆದಳು. ಈ ಸಲ ಅವಳು ನಗಲಿಲ್ಲ.

ಗೌರಿ ಹಬ್ಬ ಬಂತು. ಹಬ್ಬದ ಹಿಂದಿನ ದಿನ ಕಾರ್ಖಾನೆಯ ಹೆಂಗಸರು ಕೈಗೆ ಗೋರಂಟಿ ಹಚ್ಚಿಕೊಳ್ಳುವುದು ರೂಢಿ. ಸತ್ಯವತಿ ಮನೆಯ ಬೇಲಿಯ ಗೋರಂಟಿ ಸೊಪ್ಪನ್ನು ನುಣ್ಣಗೆ ಅರೆದು ಡಬ್ಬಿ ತುಂಬ ತಂದಿದ್ದಳು. ಊಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ಒಬ್ಬೊಬ್ಬರ ಎಡಗೈ ಹಿಡಿದು ನಡುವೆ ಚಂದ್ರ, ಸುತ್ತ ಚುಕ್ಕಿ ಇಡುತ್ತಿದ್ದಳು. ಸೊಣ್ಣಮ್ಮ ಶೆಡ್ಡಿನ ಗೋಡೆಗೆ ಒರಗಿ ಕೂತಿದ್ದಳು. ಅವತ್ತು ಕಿಟಕಿಯಲ್ಲಿ ನಕ್ಕದ್ದು ಸತ್ಯವತಿಗೆ ನೆನಪಿತ್ತೋ ಏನೋ, ತಾನೇ ಎದ್ದು ಹೋದಳು.

"ಕೈ ಕೊಡೇ."

"ಬ್ಯಾಡ ಕಣಕ್ಕ. ಕರೀ ಕೈಗೆ ಯಾತ್ರ ಬಣ್ಣ ಇಡೀತದೆ."

"ಅಂಗೈ ಕೊಡು ಅಂದಿದ್ದು. ಅಂಗೈ ಎಲ್ರುದೂ ಒಂದೇ ಕಣೇ."

ಹಿಡಿದಳು. ಸೊಣ್ಣಮ್ಮನ ಕೈಯನ್ನು ಅವಳು ಹಿಡಿದದ್ದು ಅದೇ ಮೊದಲು. ತಿರುಗಿಸಿ ನೋಡಿದರೆ ಅಂಗೈ ಒಳಗೆ ರಕ್ತವೇ ಇಲ್ಲ. ಅಕ್ಕಿಹಿಟ್ಟಿನ ಬಿಳುಪು. ಗೆರೆಗಳಲ್ಲಿ ಕೂಡ ಕೆಂಪಿನ ಸುಳಿವಿಲ್ಲ. ಸತ್ಯವತಿ ತನ್ನ ಅಂಗೈಯನ್ನು ಪಕ್ಕಕ್ಕಿಟ್ಟು ನೋಡಿದಳು. ಅದು ಕೆಂಪಗಿತ್ತು. ಇಬ್ಬರಲ್ಲಿ ಬೆಳ್ಳಗಿದ್ದವಳು ಸೊಣ್ಣಮ್ಮ.

ಬಲಗೈಯನ್ನೂ ತೋರಿಸು ಅಂದಾಗ ಸೊಣ್ಣಮ್ಮ ಸೆರಗಿನೊಳಗಿಂದ ತೆಗೆದಳು. ಮಣಿಕಟ್ಟು ಮುರಿದ ಕೊಂಬೆಯ ಹಾಗೆ ಕೆಳಕ್ಕೆ ಜೋತಿತ್ತು.

"ನೆಟ್ಟಗೆ ಹಿಡಿ."

"ನಿಲ್ಲಲ್ಲ ಅಕ್ಕ. ಸ್ಯಾನೆ ದಿನ ಆತು. ಬ್ರಷ್ಷನ್ನ ಬಟ್ಟೇಲಿ ಕೈಗೆ ಕಟ್ಕೊಂಡು ಉಜ್ತೀನಿ. ಯಾರ್ಗೂ ಏಳ್ಬ್ಯಾಡ. ಒಟ್ಟೇಲೈತೆ. ಇದೊಂದು ಉಳೀಬೇಕು ನಂಗೆ."

ಸತ್ಯವತಿ ಅವಳನ್ನು ಎಬ್ಬಿಸಿಕೊಂಡು ಜಯಸಿಂಹನ ಮೇಜಿನ ಮುಂದೆ ಹೋಗಿ ಅಂಗೈ ಬಿಡಿಸಿ ತೋರಿಸಿದಳು. ಅವನು ಟೀ ಕುಡಿಯುತ್ತಿದ್ದ. "ಅಂಗೈ ನೋಡಕ್ಕೆ ನಾನೇನು ಜೋಯಿಸನೇನಮ್ಮಾ? ಒಪ್ಪಂದದಲ್ಲಿ ಮುಖ ಅಂತ ಇದೆ. ಬರೆಸಿದ್ದು ನೀನೇ ತಾನೆ?"

ಸತ್ಯವತಿ ಗೋರಂಟಿ ಮೆತ್ತಿದ ಬೆರಳುಗಳನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದಳು.

ಸಂಜೆ ಗೇಟಿನಾಚೆ ಹೆಂಗಸರನ್ನೆಲ್ಲ ನಿಲ್ಲಿಸಿದಳು. ಮುಖ ನೋಡುವುದನ್ನು ಬಿಡೋಣ, ಎಲ್ಲರೂ ಸರದಿಯ ಮೇಲೆ ಶೆಡ್ಡಿಗೆ ಹೋಗೋಣ, ಬಸುರಿಯರು ಮಾತ್ರ ಬೇಡ ಅಂದಳು. ಯಾರೂ ಹೂಂ ಅನ್ನಲಿಲ್ಲ. ಪ್ಯಾಕಿಂಗ್ ಹಾಲಿನಿಂದ ಮತ್ತೆ ಆ ಪುಡಿಗೆ ಹೋಗಿ ಅಂದರೆ ಯಾರಿಗೆ ಬೇಕಾಗಿರುತ್ತದೆ? ಹೋರಾಟ ಅಂದರೆ ಮಾಲೀಕನ ಎದುರು ಕೂಗುವುದು ಮಾತ್ರ ಅಂದುಕೊಂಡವರಿಗೆ ಈ ಘಳಿಗೆಯ ಕಷ್ಟ ಗೊತ್ತಿಲ್ಲ. ವಸಂತಮ್ಮ ಬಾಯಿಬಿಟ್ಟೇ ಹೇಳಿದಳು.

"ಮೊಲೆ ಕುಡಿಯೋ ಮಗ ಅವ್ನೆ ನಂಗೆ. ನಾ ಓಗಲ್ಲ. ಸೊಣ್ಣಿ ಮೈ ಗಟ್ಟಿ, ತಡ್ಕೊಂತದೆ."

"ಗಟ್ಟಿ ಅಂತ ಯಾರು ಹೇಳಿದ್ದು ವಸಂತಮ್ಮ?" ಅಂದಳು ಸತ್ಯವತಿ. "ನಾವೇ. ನಮಗೆ ಬೇಕಾಗಿತ್ತು, ಹೇಳಿದ್ವಿ. ನಾಲ್ಕು ವರ್ಷ ಅವಳ ಜೊತೆ ಒಂದೇ ಗೇಟಲ್ಲಿ ಓಡಾಡಿದ್ದೀನಿ. ಬಣ್ಣ ನೋಡಿದೆ, ಅವಳನ್ನ ನೋಡ್ಲಿಲ್ಲ."

ಜನ ಚದುರಿತು. ಗೌರಿ, ಗಣೇಶ ಎರಡು ದಿನ ಹಬ್ಬದ ರಜೆ. ರಜೆ ಮುಗಿದ ಬೆಳಿಗ್ಗೆ ಸತ್ಯವತಿ ನೇರ ಶೆಡ್ಡಿಗೆ ಹೋಗಿ, ಸೊಣ್ಣಮ್ಮನ ಮಣಿಕಟ್ಟಿಗೆ ಬಿಗಿದಿದ್ದ ಬಟ್ಟೆ ಬಿಚ್ಚಿ, ಬ್ರಷ್ಷು ತೆಗೆದುಕೊಂಡು ಅವಳ ಜಾಗದಲ್ಲಿ ಕೂತಳು. ನೀನು ಹೋಗಿ ನನ್ನ ಜಾಗದಲ್ಲಿ ಕೂತ್ಕೋ ಅಂದಳು. ಜಯಸಿಂಹ ಬಂದು ಗದರಿದ. ಅವಳು ತಲೆ ಎತ್ತಲಿಲ್ಲ. ಮನೆಯಲ್ಲಿ ಅವಳ ತಾಯಿ, ಗಂಡು ನೋಡೋಕೆ ಬರ್ತಾರೆ, ಮುಖ ಕಂದಿದರೆ ಏನೇ ಗತಿ ಅಂತ ಅತ್ತರಂತೆ. ಬಂದ ಗಂಡು ಹಾಗೇ ವಾಪಸ್ಸು ಹೋಯಿತು. ಆ ಮಾತನ್ನು ಸತ್ಯವತಿ ಯಾವತ್ತೂ ದೊಡ್ಡದು ಮಾಡಿ ಹೇಳಿದವಳಲ್ಲ.

ಒಂದು ವಾರ ಅವಳೊಬ್ಬಳೇ. ಆಮೇಲೆ ಒಬ್ಬಳು ಬಂದಳು, ಇನ್ನೊಬ್ಬಳು ಬಂದಳು. ಕೊನೆಗೆ ವಸಂತಮ್ಮನೂ ಬಂದು, ಹಾಳಾಗೋಗ್ಲಿ ಅಂತ ಬೈದುಕೊಂಡೇ ಬ್ರಷ್ಷು ಎತ್ತಿದಳು. ಆಮೇಲೆ ಗೇಟಿನ ಮುಂದೆ ಕೂತದ್ದು, ಮಳೆಯಲ್ಲಿ ನೆನೆದದ್ದು, ಪೊಲೀಸರು ವ್ಯಾನು ತಂದು ನಿಲ್ಲಿಸಿದ್ದು ಎಲ್ಲ ಆಯಿತು. ಸರದಿಯ ಪದ್ಧತಿ ಬಂತು. ಮುಖ ನೋಡುವ ಸಾಲು ನಿಂತಿತು. ಆ ಸಲ ಯಾರೂ ಕಡ್ಲೆಪುರಿ ಹಂಚಲಿಲ್ಲ.

ಸೊಣ್ಣಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ, ಸೀಸ ಮೂಳೆಗೆ ಇಳಿದಿದೆ, ಕೆಲಸ ಬಿಟ್ಟ ಮಾತ್ರಕ್ಕೆ ಅದು ಬಿಟ್ಟುಹೋಗುವುದಿಲ್ಲ ಅಂದರು. ಎಡಗೈಯೂ ಸೋಲತೊಡಗಿತ್ತು. ಮನೆಯಲ್ಲಿ ಈಗ ಅವಳ ತಲೆ ಬಾಚಲು, ಸೀರೆಯ ನೆರಿಗೆ ಹಿಡಿಯಲು, ಮುದ್ದೆ ಮುರಿದು ಬಾಯಿಗಿಡಲು ಅತ್ತೆಯೇ ಆಗಬೇಕು. ಮೊದಮೊದಲು ಕೃಷ್ಣಮ್ಮ ಗೊಣಗಿಕೊಂಡೇ ಮಾಡಿದಳು. ಸೊಸೆಯ ಬಣ್ಣವನ್ನು ಇಷ್ಟು ವರ್ಷ ಆಡಿಕೊಂಡಿದ್ದಳೇ ಹೊರತು ಆ ಮೈಯನ್ನು ಒಂದು ದಿನವೂ ಮುಟ್ಟಿರಲಿಲ್ಲ. ಒಂದು ಶನಿವಾರ ಬಚ್ಚಲಲ್ಲಿ ಕೂರಿಸಿ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದಳಂತೆ. ತಿಕ್ಕುತ್ತಲೇ, "ಕೆರೆಗೋಡು ಇದ್ದಂಗದೆ ಕಣಮ್ಮಿ ನಿನ್ ಮೈ" ಅಂದಳಂತೆ. "ಬ್ಯಾಸಗೇಲಿ ಕೆರೆ ಬತ್ತಿದ್ರೆ ಗಾಡಿಗಟ್ಲೆ ಏರ್ಕೊಂಡು ಬಂದು ಒಲಕ್ಕೆ ಆಕ್ತಿದ್ವಿ. ಕರೀ ಗೋಡು ಬಿದ್ದ ವರ್ಸ ರಾಗಿ ಎದೆಮಟ್ಟ ಬರದು. ಅದನ್ನ ಯಾರೂ ಕಪ್ಪು ಅಂತ ಬೈತಿರ್ಲಿಲ್ಲ."

ಅವಳಿಗೆ ಬರುತ್ತಿದ್ದ ಕ್ಷಮಾಪಣೆ ಅಷ್ಟೇ. ಸೊಣ್ಣಮ್ಮ ಈ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದಾಳೆ, ಅಜ್ಜಿಯ ಮಾತು ಹೇಳುವಾಗ ನಗುತ್ತಿದ್ದ ಹಾಗೆ ನಗದೆ.

ಮಗು ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು, ತಾಯಿಯದೇ ಬಣ್ಣ. ಹೆಚ್ಚು ಅಳುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬೀದಿಯ ಹೆಂಗಸರು ಸೇರಿದ್ದರು, ಸತ್ಯವತಿಯೂ ಜಾಲಹಳ್ಳಿಯಿಂದ ಬಂದಿದ್ದಳು. ಸೊಣ್ಣಮ್ಮ ಕಾಡಿಗೆ ಡಬ್ಬಿ ಕೇಳಿದಳು. ನೆಂಟರ ಪೈಕಿ ರಾಮಕ್ಕ ಅನ್ನುವವಳು, "ಇದಕ್ಯಾಕಮ್ಮಿ ಬೊಟ್ಟು, ಇಟ್ರೂ ಕಾಣಾಕಿಲ್ಲ" ಅಂದು ನಕ್ಕಳು.

ಬೇರೆ ಯಾರೂ ನಗಲಿಲ್ಲ. ಸೊಣ್ಣಮ್ಮ ಕಾಡಿಗೆಗೆ ಬೆರಳು ಅದ್ದಿ ಮಗುವಿನ ಕೆನ್ನೆಗೆ ತರಲು ನೋಡಿದಳು. ಕೈ ಪೂರ್ತಿ ಏಳಲಿಲ್ಲ. ಎದ್ದದ್ದು ಜೋತು ಮಗುವಿನ ಹೊಟ್ಟೆಯ ಮೇಲೆ ಬಿತ್ತು. ಬಟ್ಟೆಯೆಲ್ಲ ಮಸಿ. ಸತ್ಯವತಿ ಮುಂದೆ ಬಂದು, ಕೊಡು ನಾನಿಡ್ತೀನಿ ಅಂದಳು.

"ಬ್ಯಾಡ ಅಕ್ಕ. ನಾನೇ ಇಡ್ಬೇಕು."

ಆಗ ಕೃಷ್ಣಮ್ಮ ಹಿಂದೆ ಬಂದು ಕೂತು, ಸೊಸೆಯ ಮಣಿಕಟ್ಟನ್ನು ತನ್ನ ಕೈಯಲ್ಲಿ ಎತ್ತಿ ಹಿಡಿದಳು. ಹಿಡಿದು ಕೆನ್ನೆಯವರೆಗೆ ಕೊಂಡೊಯ್ದಳು. ಬೆರಳು ಸೊಣ್ಣಮ್ಮನದು, ಎತ್ತಿದ ಕೈ ಅತ್ತೆಯದು. ಕಪ್ಪು ಕೆನ್ನೆಯ ಮೇಲೆ ಕಪ್ಪು ಬೊಟ್ಟು. ರಾಮಕ್ಕ ಹೇಳಿದ್ದು ಸುಳ್ಳಲ್ಲ, ಅದು ಕಾಣುತ್ತಿರಲಿಲ್ಲ.

"ಕಾಣ್ದಿದ್ರೇನು," ಅಂದಳು ಕೃಷ್ಣಮ್ಮ ರಾಮಕ್ಕನ ಕಡೆ ತಿರುಗಿ. "ನಮ್ ಸೊಣ್ಣಿ ರೋಗಾನೂ ಯಾರ್ಗೂ ಕಾಣ್ಲಿಲ್ಲ. ಇರ್ಲಿಲ್ವಾ?"

ಮಗು ಬದುಕಲಿಲ್ಲ. ಕೂರುವ ವಯಸ್ಸಿಗೆ ಕೂರಲಿಲ್ಲ. ಫಿಟ್ಸು ಬರತೊಡಗಿತು. ಕಾರ್ತಿಕದ ಒಂದು ಮಧ್ಯಾಹ್ನ ಸೊಣ್ಣಮ್ಮನ ತೊಡೆಯ ಮೇಲೆಯೇ ಹೋಯಿತು. ಸೀಸ ತಾಯಿಯ ಮೂಳೆಯಿಂದ ಮಗುವಿಗೆ ಇಳಿಯುತ್ತದೆ ಅಂತ ಆಮೇಲೆ ತಿಳಿದವರು ಹೇಳಿದರು. ಪರಿಹಾರಕ್ಕೆ ಅಲೆದೆವು. ಕಪ್ಪು ಕೋಟಿನವರು ಬಂದರು, ಹೋದರು. ಸೀಸದಿಂದಲೇ ಸತ್ತಿತು ಅನ್ನುವುದಕ್ಕೆ ಏನು ಗುರುತು ಅಂದರು. ಗುರುತು ಇರಲಿಲ್ಲ.

ಹೂಳುವ ಮೊದಲು ಮಗುವಿಗೆ ನೀರು ಹಾಕುವಾಗ ಯಾರೋ ಮುಖ ಒರೆಸಲು ಬಟ್ಟೆ ತಂದರು. ಕೃಷ್ಣಮ್ಮ ತಡೆದಳು. ಅಲ್ಲಿ ಬೊಟ್ಟೈತೆ, ಒರೆಸಬ್ಯಾಡಿ ಅಂದಳು. ಬಟ್ಟೆ ತಂದವಳಿಗೆ ಯಾವ ಬೊಟ್ಟೂ ಕಾಣಲಿಲ್ಲ. ಆದರೂ ಬಿಟ್ಟಳು. ಬೈರಪ್ಪ ಅವತ್ತು ಬೀಡಿ ಹಚ್ಚಲು ಹೋಗಿ ಕಡ್ಡಿ ಗೀರದೆ ಕೂತಿದ್ದ.

ಸೊಣ್ಣಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಕೈ ಅರ್ಧಂಬರ್ಧ ತಿರುಗಿ ಬಂತು. ಸೊಪ್ಪು ಸೋಸುವಷ್ಟು, ಬಾಗಿಲು ತಳ್ಳುವಷ್ಟು. ಕಾರ್ಖಾನೆ ಬಿಟ್ಟಳು. ಸತ್ಯವತಿ ಅದು ಮುಚ್ಚುವವರೆಗೂ ಅಲ್ಲಿದ್ದಳು, ತನ್ನ ಸರದಿಯ ತಿಂಗಳು ಶೆಡ್ಡಿನಲ್ಲಿ ಕೂತಳು, ಮದುವೆಯಾಗಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಗೋರಂಟಿ ಅರೆದುಕೊಂಡು ಚೊಕ್ಕಸಂದ್ರಕ್ಕೆ ಬರುವುದನ್ನು ತಪ್ಪಿಸಲಿಲ್ಲ. ಸೊಣ್ಣಮ್ಮನ ಅಂಗೈ ನೋಡಿ ಆಮೇಲೆ ಚಂದ್ರ ಇಡುತ್ತಿದ್ದಳು.

ಆ ಬೀದಿಯಲ್ಲಿ ಬಾಡಿಗೆ ಮನೆಗಳು ಎದ್ದು ಎಲ್ಲೆಲ್ಲಿಯವರೋ ಬಂದು ತುಂಬಿಕೊಂಡಿದ್ದರು. ಧರ್ಮಪುರಿಯವರು, ರಾಯಚೂರಿನವರು, ಅನಂತಪುರದವರು. ಕಪ್ಪು, ಬಿಳಿ, ಗೋಧಿ, ಎಲ್ಲ ಬಣ್ಣದ ಮಕ್ಕಳು ಚರಂಡಿಯ ಪಕ್ಕ ಆಡುತ್ತಿದ್ದವು. ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಬಾಗಿಲ ಮುಂದಿನ ಜಗಲಿಯ ಮೇಲೆ ಕೂರುತ್ತಿದ್ದರು. ಮಡಿಲಲ್ಲಿ ಕೂಸು ಇಟ್ಟುಕೊಂಡು ಹಾದುಹೋಗುವವರನ್ನು ಕೃಷ್ಣಮ್ಮ ಕೂಗಿ ಕರೆಯುತ್ತಿದ್ದಳು. ಕಪ್ಪಗಿನ ಕೂಸಾದರೆ ಎದ್ದೇ ಹೋಗಿ ಕರೆತರುತ್ತಿದ್ದಳು. ಬೇಡಮ್ಮ, ಇದಕ್ಕೆ ಯಾಕೆ ಅನ್ನುವ ತಾಯಂದಿರಿಗೆ ಬೈಗುಳ ಗ್ಯಾರಂಟಿ.

ಕಾಡಿಗೆ ಡಬ್ಬಿಯ ಮುಚ್ಚಳ ಬಿಗಿ. ಸೊಣ್ಣಮ್ಮನ ಬೆರಳಿಗೆ ಅದನ್ನು ತೆಗೆಯುವ ಶಕ್ತಿ ಇರಲಿಲ್ಲ. ಅತ್ತೆ ಮುಚ್ಚಳ ತೆಗೆದು ಹಿಡಿಯುತ್ತಿದ್ದಳು, ಸೊಸೆ ಬೊಟ್ಟು ಇಡುತ್ತಿದ್ದಳು.

ಇಡುವಾಗ ಕೈ ಜಾರಿ ಬೊಟ್ಟು ಒಂದೊಂದು ಸಲ ಕಿವಿಯ ಹತ್ತಿರಕ್ಕೆ ಹೋಗಿಬಿಡುತ್ತಿತ್ತು.